ಭಾನುವಾರದ ಮಾತುಕತೆ: ಯುದ್ಧದ ಸರಕು ಮುಟ್ಟದ ಬಂದರು ಕಾರ್ಮಿಕರು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 4.30ಕ್ಕೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ, ಯುದ್ಧನೌಕೆ ಮ್ಯೂಸಿಯಂ ಹತ್ತಿರ ಸೇರೋಣ. ಬಂದರಿನ ಹಮಾಲಿ ಅಣ್ಣಂದಿರು, ಲಾರಿಯವರು, ಬೈತಖೋಲದ ಮೀನುಗಾರ ಅಕ್ಕಂದಿರು ತಪ್ಪದೇ ಬನ್ನಿ. ಇದು ನಿಮ್ಮದೇ ವಿಷಯ.

2019ರ ಮೇ ತಿಂಗಳಲ್ಲಿ ಇಟಲಿಯ ಜಿನೋವಾ ಬಂದರಿಗೆ ಸೌದಿಯ ಹಡಗೊಂದು ಬಂತು. ಅದಕ್ಕೆ ತುಂಬಬೇಕಿದ್ದದ್ದು ಬಂದೂಕಲ್ಲ, ಜನರೇಟರ್. ಆದರೂ ಅದು ಸೌದಿ ಪಕ್ಕದ ಯೆಮೆನ್ ದೇಶದಲ್ಲಿ ನಡೆಸುತ್ತಿದ್ದ ಯುದ್ಧಕ್ಕೆ ಹೋಗುತ್ತದೆ ಎಂದು ಕಾರ್ಮಿಕರು ತುಂಬಲು ಒಪ್ಪಲಿಲ್ಲ. ಹಡಗು ಆ ಸರಕು ಬಿಟ್ಟೇ ಹೊರಟಿತು. ಯುದ್ಧದಿಂದ ಲಾಭ ಮಾಡುವ ಕಂಪನಿ ಎಷ್ಟೇ ದೊಡ್ಡದಿರಲಿ, ಮಾಲು ಹಡಗು ಹತ್ತಬೇಕಾದರೆ ದುಡಿಯುವವರ ಕೈ ಬೇಕೇ ಬೇಕು, ಅಲ್ವಾ?

ನಮ್ಮವರೂ ಹಿಂದೆ ಬಿದ್ದಿಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ದೇಶದ ಜಲಸಾರಿಗೆ ಕಾರ್ಮಿಕರ ಒಕ್ಕೂಟ, ಇಸ್ರೇಲಿಗೆ ಹೋಗುವ ಶಸ್ತ್ರಾಸ್ತ್ರ ಮುಟ್ಟುವುದಿಲ್ಲ ಎಂದು ಹೇಳಿತು. 11 ದೊಡ್ಡ ಬಂದರುಗಳ ಸುಮಾರು 3,500 ಕಾರ್ಮಿಕರ ಒಕ್ಕೂಟ ಅದು. ಇದನ್ನು ಓದಿದ ದಿನ ನನಗೆ ಎದೆ ತುಂಬಿ ಬಂದಿತ್ತು.

ಹೀಗೆ ಬೇಡ ಎಂದವರ ಕೂಲಿ ಹೋದರೆ ಮನೆ ನಡೆಯುವುದು ಹೇಗೆ? ಯಾರು ಜೊತೆ ನಿಲ್ಲಬೇಕು? ಹೆಚ್ಚಿನ ಹೊತ್ತು ಇದನ್ನೇ ಮಾತಾಡೋಣ. ಭಾಷಣ ಇಲ್ಲ. ಕೊಂಕಣಿಯಲ್ಲೂ ಮಾತಾಡಬಹುದು.

ಕೂರಲು ಚಾಪೆ, ಕುಡಿಯಲು ನೀರು ತನ್ನಿ. ಬ್ಯಾನರಿಗೆ ಹಳೆಯ ಬಿಳಿ ಪಂಚೆ ಇದ್ದರೆ ಕೊಡಿ, ಬಣ್ಣ ನಾನು ತರುತ್ತೇನೆ. ಅಂಕೋಲಾ, ಕುಮಟಾ ಕಡೆಯಿಂದ ಬರುವವರು ಕೊನೆಯ ಬಸ್ಸಿನ ಸಮಯ ನೋಡಿಕೊಳ್ಳಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರುತ್ತೇನೆ" ಎಂದು ಬರೆಯಿರಿ. ಚಹಾ ಎಷ್ಟು ಮಾಡಿಸಬೇಕು ಎಂದು ಗೊತ್ತಾಗಬೇಕು.