ಅಮ್ಮನ ಹಣೆ ಮೇಲಿನ ಕುಂಕುಮ ಎಲ್ಲಿ ಹೋಯ್ತು?

ಸಂಪಾದಕರಿಗೆ ನಮಸ್ಕಾರ,

ಓದುಗರು ಕಳಿಸೋ ಹಳೇ ಫೋಟೋಗಳನ್ನ ನೀವು ಪೇಪರಲ್ಲಿ ಹಾಕ್ತೀರಲ್ಲ, ನಮ್ಮನೇಲಿ ಮೊದಲು ತಿರುವೋದೇ ಆ ಪುಟ. ಈಚೆಗೆ ಕಲರ್ ಸ್ಲೈಡಿಂದ, ಅಂದ್ರೆ ಪ್ರೊಜೆಕ್ಟರಲ್ಲಿ ಹಾಕಿ ನೋಡೋ ಚಿಕ್ಕ ಫಿಲ್ಮ್ ತುಣುಕಿಂದ, ಬ್ಲ್ಯಾಕ್ ಅಂಡ್ ವೈಟ್ ಮಾಡಿಸಿದ ಫೋಟೋಗಳು ಜಾಸ್ತಿ ಬರ್ತಿದಾವೆ, ಆದ್ರೆ ಕೆಲವು ಫೋಟೋಗಳಲ್ಲಿ ಮುಖ ಅನ್ನೋದು ಸುಣ್ಣ ಬಳಿದ ಗೋಡೆ ಥರ ಇರುತ್ತೆ, ಕಣ್ಣು ಮೂಗು ಹುಡುಕ್ಬೇಕು. ನಮ್ಮನೇಲೂ ಹೀಗೇ ಆಗಿತ್ತು, ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಓದಿ.

ನಮ್ಮಪ್ಪ ಕೆಜಿಎಫ್ ಗಣೀಲಿ ಇದ್ರು, ಚಾಂಪಿಯನ್ ರೀಫ್ ಕಡೆ. ಯಾರದೋ ಹಳೇ ಕ್ಯಾಮೆರಾ ಕೊಂಡ್ಕೊಂಡು ಅದಕ್ಕೆ ಸ್ಲೈಡ್ ಫಿಲ್ಮ್ ಹಾಕೋರು, ಭಾನುವಾರ ರಾತ್ರಿ ಗೋಡೆಗೆ ಬಿಳೀ ಪಂಚೆ ಕಟ್ಟಿ ಪ್ರೊಜೆಕ್ಟರಲ್ಲಿ ತೋರಿಸೋರು, ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಕೂರ್ತಿದ್ವಿ. ಅಂತರಗಂಗೇಲಿ ಬಸವನ ಬಾಯಿಂದ ಬೀಳೋ ನೀರು, ಗಣಿ ಮೇಲಿನ ಚಕ್ರದ ಗೋಪುರ, ಚಿನ್ನ ತೆಗೆದ್ಮೇಲೆ ಉಳಿದ ಮಣ್ಣಿನ ಸೈನೈಡ್ ಗುಡ್ಡ, ಟೊಮೆಟೊ ತೋಟ, ಕೋಲಾರಮ್ಮನ ಗುಡಿ ಮುಂದೆ ನಿಂತಿರೋ ನಮ್ಮಮ್ಮ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು, ಆಮೇಲೆ ಅಪ್ಪ ಕ್ಯಾಮೆರಾ ಮುಟ್ಟಲೇ ಇಲ್ಲ. ಅವ್ರು ಹೋದ್ಮೇಲೆ ಡಬ್ಬ ತೆಗೆದು ನೋಡಿದ್ರೆ ಮುಕ್ಕಾಲು ಪಾಲು ಸ್ಲೈಡ್ ಕೆಂಪಗಾಗಿದ್ವು, ಆಕಾಶಾನೂ ಕೆಂಪು ಎಲೆನೂ ಕೆಂಪು.

ಅಮ್ಮನ ಸ್ಲೈಡೊಂದನ್ನ ಒಂದು ಸ್ಟುಡಿಯೋಗೆ ಕೊಟ್ವಿ, ಬಣ್ಣ ಹೋಗಿದೆ ಬ್ಲ್ಯಾಕ್ ಅಂಡ್ ವೈಟ್ ಮಾಡ್ಕೊಡಿ ಅಂತ. ದೊಡ್ಡದಾಗಿ ಪ್ರಿಂಟ್ ಹಾಕಿ ಫ್ರೇಮ್ ಮಾಡಿ ಕೊಟ್ರು. ಅಮ್ಮ ಕೈಗೆ ತಗೊಂಡು ಸುಮಾರು ಹೊತ್ತು ನೋಡಿ, ಹಣೆ ಯಾಕೋ ಬೋಳಾಗಿದೆಯಲ್ಲಪ್ಪ, ನಾನು ಆಗ ಕುಂಕುಮ ಇಟ್ಕೊಂಡಿದ್ದೆ ಅಂದ್ರು. ಅಷ್ಟೇ ಅಂದಿದ್ದು. ಅಪ್ಪ ಇದ್ದಾಗಿನ ಮುಖ ಗೋಡೆ ಮೇಲಿರ್ಲಿ ಅಂತಲೇ ನಾವು ಮಾಡ್ಸಿದ್ದು, ನನಗೆ ಎರಡು ದಿನ ಊಟ ಸೇರ್ಲಿಲ್ಲ. ಸೆರಗೂ ಬಲಗಡೆ ಭುಜಕ್ಕೆ ಬಂದಿತ್ತು, ಅಂದ್ರೆ ಸ್ಲೈಡನ್ನ ತಿರುಗಾಮುರುಗಾ ಇಟ್ಟು ಸ್ಕ್ಯಾನ್ ಮಾಡಿದ್ರು. ಸ್ಲೈಡಲ್ಲಿ ಒಂದು ಕಡೆ ಹೊಳಪಿರುತ್ತೆ, ಇನ್ನೊಂದು ಕಡೆ ಮಂಕು, ಹೊಳಪಿನ ಕಡೆಯಿಂದ ನೋಡಿದ್ರೇನೇ ಎಡ ಬಲ ಸರಿ.

ಆಮೇಲೆ ನಾನೇ ಕೂತು ತಿಳ್ಕೊಂಡೆ. ಸ್ಲೈಡ್ ಫಿಲ್ಮಲ್ಲಿ ಮೂರು ಬಣ್ಣದ ಪದರ, ಸಯಾನ್ ಅನ್ನೋ ಹಸಿರುನೀಲಿ, ಮಜೆಂಟಾ ಅನ್ನೋ ಕಡುಗುಲಾಬಿ, ಹಳದಿ. ಕೆಂಪು ಬೆಳಕನ್ನ ತಡೆಯೋದು ಸಯಾನ್ ಕೆಲಸ. ನಮ್ಮ ಡಬ್ಬದಲ್ಲಿ ಕೆಂಪಗಾಗಿರೋ ಸ್ಲೈಡುಗಳಲ್ಲಿ ಆ ಸಯಾನೇ ಅಳಿಸಿ ಹೋಗಿದೆ, ಅದಕ್ಕೇ ಕೆಂಪು ಬೆಳಕು ಸೀದಾ ಹಾಯ್ದು ಬರುತ್ತೆ, ಸ್ಕ್ಯಾನಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ಒಂದೊಂದು ಪಾಲು ಇರುತ್ತೆ, ಅದಕ್ಕೆ ಚಾನಲ್ ಅಂತಾರೆ, ರೆಡ್ ಚಾನಲ್ಲಲ್ಲಿ ನೋಡಿದ್ರೆ ಬರೀ ಬಿಳುಪು, ಏನೂ ಇಲ್ಲ. ಒಂದು ಬಟನ್ ಒತ್ತಿ ಬಣ್ಣ ತೆಗೆದುಬಿಟ್ರೆ ಈ ಖಾಲಿ ಬಿಳುಪೂ ಫೋಟೋ ಒಳಗೆ ಸೇರ್ಕೊಳ್ಳುತ್ತೆ, ಮುಖ ಸುಣ್ಣ ಆಗೋದು ಹಾಗೆ. ಕುಂಕುಮ ಮೊದಲೇ ಕೆಂಪು, ರೆಡ್ ಚಾನಲ್ಲಲ್ಲಿ ಅದೂ ಹಣೆನೂ ಒಂದೇ ಥರ ಬೆಳ್ಳಗೆ. ಆದ್ರೆ ಮಜೆಂಟಾ ಗಟ್ಟಿಯಾಗಿ ಉಳಿದಿದೆ, ಅದು ತಡೆಯೋದು ಹಸಿರು ಬೆಳಕನ್ನ, ಹಾಗಾಗಿ ಕಾಣೋದು ಗ್ರೀನ್ ಚಾನಲ್ಲಲ್ಲಿ. ಸ್ಲೈಡನ್ನ ಬಣ್ಣದಲ್ಲೇ ಮತ್ತೆ ಸ್ಕ್ಯಾನ್ ಮಾಡಿ, ಗ್ರೀನ್ ಚಾನಲ್ ಒಂದನ್ನೇ ತಗೊಂಡು ಸ್ವಲ್ಪ ಕಾಂಟ್ರಾಸ್ಟ್ ಸರಿ ಮಾಡಿದೆ ಅಷ್ಟೇ, ಹಣೆ ಮೇಲೆ ಕುಂಕುಮ ಕಪ್ಪಗೆ ಗುಂಡಗೆ ಬಂತು, ಸೀರೆ ಅಂಚು ಬಂತು, ಹಿಂದಿನ ಕಲ್ಲುಕಂಬದ ಕೆತ್ತನೆನೂ ಬಂತು. ಬ್ಲೂ ಚಾನಲ್ಲೂ ನೋಡಿದೆ, ಮರಳು ಎರಚಿದ ಹಾಗೆ ಕಾಳುಕಾಳು, ಬೇಡ ಅನ್ನಿಸ್ತು.

ಹಾಗಂತ ಎಲ್ಲಾ ಸ್ಲೈಡನ್ನೂ ಬ್ಲ್ಯಾಕ್ ಅಂಡ್ ವೈಟ್ ಮಾಡ್ಬೇಡಿ. ಅದೇ ಡಬ್ಬದಲ್ಲಿ ಕೊಡಾಕ್ರೋಮ್ ಅಂತ ಬರ್ದಿರೋವೂ ಇದ್ವು, ಅವು ಕತ್ತಲಲ್ಲಿ ಇಟ್ರೆ ಬಣ್ಣ ಬಹಳ ಕಾಲ ಉಳಿಸ್ಕೊಳ್ಳೋ ಫಿಲ್ಮು, ಪ್ರೊಜೆಕ್ಟರ್ ಬೆಳಕಿಗೆ ಮಾತ್ರ ಬೇಗ ಸೋಲ್ತಾವೆ. ನಮ್ಮ ಟೊಮೆಟೊ ತೋಟದ ಸ್ಲೈಡ್ ಇವತ್ತಿಗೂ ನಿನ್ನೆ ತೆಗೆದ ಹಾಗಿದೆ, ಅದನ್ನ ರೆಡ್ ಚಾನಲ್ಲಿಂದ ಮಾಡಿದ್ರೆ ಹಣ್ಣೆಲ್ಲ ಬೆಳ್ಳಗೆ ಮೊಟ್ಟೆ ಥರ, ಗ್ರೀನಿಂದ ಮಾಡಿದ್ರೆ ಕಪ್ಪು ನೇರಳೆ ಥರ, ಎರಡೂ ಟೊಮೆಟೊ ಅಲ್ಲ. ಅದು ಬಣ್ಣದಲ್ಲೇ ಇರ್ಬೇಕು. ಆ ಫಿಲ್ಮನ್ನ ಕೊಡಾಕ್ ಕಂಪನಿ 2009ರಲ್ಲಿ ನಿಲ್ಲಿಸ್ತು, ತೊಳೆಯೋ ಕಡೇ ಲ್ಯಾಬೂ 2010ರ ಕೊನೇಲಿ ರೋಲ್ ತಗೊಳ್ಳೋದು ನಿಲ್ಲಿಸ್ತು, ಈಗ ಯಾರ ಮನೇಲಾದ್ರೂ ತೊಳೀದೇ ಉಳಿದ ರೋಲ್ ಸಿಕ್ರೆ ಬ್ಲ್ಯಾಕ್ ಅಂಡ್ ವೈಟಾಗಿ ತೊಳಿಸೋದೊಂದೇ ದಾರಿ, ಎಸೀಬೇಡಿ.

ಸ್ಕ್ಯಾನ್ ಆಯ್ತಲ್ಲ ಅಂತ ಸ್ಲೈಡುಗಳನ್ನ ಕಸಕ್ಕೆ ಹಾಕೋರನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಆ ಸ್ಟುಡಿಯೋದವ್ರು ಸ್ಲೈಡ್ ವಾಪಸ್ ಕೊಟ್ಟಿದ್ರಿಂದ ತಾನೇ ನಾನು ಎರಡನೇ ಸಲ ಮಾಡೋಕೆ ಆಗಿದ್ದು. ಒತ್ತಿದ್ರೆ ಗಾಳಿ ಬಿಡೋ ರಬ್ಬರ್ ಬಲ್ಬಿಂದ ಧೂಳು ಹಾರಿಸಿ, ಬಾಯಲ್ಲಿ ಊದ್ಬೇಡಿ, ಎಂಜಲು ಹಾರುತ್ತೆ, ಒದ್ದೆ ಬಟ್ಟೇಲಿ ಒರೆಸ್ಲೇಬೇಡಿ. ಡಬ್ಬದಲ್ಲಿ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ ಬಿಸಿಲು ಬೀಳದ ಕಡೆ ಇಡಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ, ಆ ಪುಟದಲ್ಲಿ ಒಂದು ಸಾಲು ಹಾಕಿ, ಸ್ಲೈಡ್ ಇದ್ದೋರು ಬಣ್ಣದ ಸ್ಕ್ಯಾನನ್ನ ಹೇಗಿದೆಯೋ ಹಾಗೇ ಕಳಿಸಿ, ಬ್ಲ್ಯಾಕ್ ಅಂಡ್ ವೈಟ್ ಮಾಡೋದು ನಾವು ನೋಡ್ಕೋತೀವಿ ಅಂತ. ನಿಮ್ಮ ಆಫೀಸಲ್ಲಿ ಫೋಟೋ ಕೆಲಸ ಗೊತ್ತಿರೋರು ಇದ್ದೇ ಇರ್ತಾರೆ, ಅವ್ರಿಗೆ ಇದು ಹತ್ತು ನಿಮಿಷದ ಕೆಲಸ. ಅಮ್ಮನ ಸ್ಲೈಡಿನ ಸ್ಕ್ಯಾನನ್ನ ಈ ಪತ್ರದ ಜೊತೆ ಕಳಿಸಿದೀನಿ, ಕೆಂಪಗೇ ಇದೆ, ಗಾಬರಿ ಆಗ್ಬೇಡಿ. ಹಾಕೋ ಹಾಗಿದ್ರೆ ಗ್ರೀನ್ ಚಾನಲ್ಲಿಂದ ಮಾಡಿ, ಸೆರಗು ಎಡಗಡೆ ಭುಜದ ಮೇಲೆ ಬರ್ಬೇಕು, ಕುಂಕುಮ ಕಾಣ್ಬೇಕು.

ಒಬ್ಬ ಓದುಗ, ಕೋಲಾರ