ಓಮ್ನಿಯ ತಮ್ಮ ಟೆಕ್ಸಾಸ್‌ನಲ್ಲಿ

ಗೆಳೆಯಾ,

ಅವತ್ತು ಫೋನಿನಲ್ಲಿ ಕೇಳಿದೆಯಲ್ಲ, "ಅಮೆರಿಕದಲ್ಲಿ ಅಷ್ಟು ದೊಡ್ಡ ದೊಡ್ಡ ಪಿಕಪ್ ಇರುವಾಗ ಜಪಾನಿನಿಂದ ಹಳೇ ಗಾಡಿ ಯಾಕೋ ತರಿಸಿದೆ?" ಅಂತ. ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಗಾಡಿ 1996ರ ಸುಜುಕಿ ಕ್ಯಾರಿ. ಬಿಳಿ ಬಣ್ಣ. ಜಪಾನಿನಲ್ಲಿ ಇಂಥ ಪುಟ್ಟ ಟ್ರಕ್ಕಿಗೆ 'ಕೇ ಟೋರಾ' ಅನ್ನುತ್ತಾರೆ. ಅಲ್ಲಿನ ಕಾನೂನಿನ ಪ್ರಕಾರ ಎಂಜಿನ್ 660 ಸಿಸಿ ದಾಟುವಂತಿಲ್ಲ, ಹೊರೆ 350 ಕೆಜಿ ಮೀರುವಂತಿಲ್ಲ. ನನ್ನ ಗಾಡಿಯ ಕಾಲಕ್ಕೆ ಅಗಲದ ಮಿತಿ 1.4 ಮೀಟರ್. ಗದ್ದೆ ಬದಿಯ ಕಿರಿದಾದ ದಾರಿಗೆಂದೇ ಮಾಡಿದ ಹಾಗಿದೆ.

ಮೊದಲ ದಿನ ಆಯಿಲ್ ನೋಡಲು ಸೀಟು ಎತ್ತಿದವನು ಹಾಗೇ ನಿಂತುಬಿಟ್ಟೆ. ಕೆಳಗೆ ಮೂರು ಸಿಲಿಂಡರಿನ ಎಂಜಿನ್. ಬಿಸಿ ಆಯಿಲಿನ ಅದೇ ವಾಸನೆ. ಅರಸೀಕೆರೆಯಲ್ಲಿ ನಿಮ್ಮಪ್ಪನ ಓಮ್ನಿಯ ಸೀಟು ಎತ್ತಿದ ಹಾಗೇ ಆಯಿತು ಕಣೋ! ಅದರಲ್ಲಿ ಆಶ್ಚರ್ಯವೂ ಇಲ್ಲ. 1984ರಲ್ಲಿ ಬಂದ ನಮ್ಮ ಮಾರುತಿ ವ್ಯಾನ್, ಅಂದರೆ ಆಮೇಲೆ ಓಮ್ನಿ ಅನ್ನಿಸಿಕೊಂಡದ್ದು, ಇದೇ ಕ್ಯಾರಿಯ ಹಿಂದಿನ ತಲೆಮಾರಿನದು. ಟೈರಿನ ಅಳತೆಯೂ ಅದೇ, 145 ಆರ್ 12. ಬೇಸಿಗೆಯಲ್ಲಿ ಕೊಬ್ಬರಿ ಮೂಟೆ ತುಂಬಿಕೊಂಡು ತಿಪಟೂರಿಗೆ ಹೋಗುವಾಗ ಸೀಟು ಹೆಂಚಿನ ಹಾಗೆ ಕಾಯುತ್ತಿತ್ತಲ್ಲ, ಇಲ್ಲಿಯ ಆಗಸ್ಟ್ ತಿಂಗಳಲ್ಲೂ ಹಾಗೇ. ಸ್ಟೀರಿಂಗ್ ಬಲಕ್ಕೆ, ಗೇರು ಎಡಗೈಗೆ. ಇಷ್ಟು ವರ್ಷ ಆದಮೇಲೂ ಎಡಗೈ ಏನನ್ನೂ ಮರೆತಿರಲಿಲ್ಲ.

ತರಿಸುವುದು ಸುಲಭವಿರಲಿಲ್ಲ. ಇಲ್ಲಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಸಿಗಬೇಕಾದರೆ ಗಾಡಿಗೆ 25 ವರ್ಷ ತುಂಬಿರಬೇಕು. ಹೊರದೇಶದ ಟ್ರಕ್ಕಿಗೆ ಶೇ 25 ಸುಂಕ ಬೇರೆ. ಇದರ ಮೂಲ ಕೋಳಿ ಮಾಂಸದ ಜಗಳ ಅಂದರೆ ನಂಬುತ್ತೀಯಾ? ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಏರಿಸಿದರು. ಅದಕ್ಕೆ ಉತ್ತರವಾಗಿ 1964ರಲ್ಲಿ ಇವರು ಟ್ರಕ್ಕಿನ ಮೇಲೆ ಹಾಕಿದ್ದು ಇವತ್ತಿಗೂ ಹೋಗಿಲ್ಲ. ಆಮೇಲೆ ನೋಂದಣಿಯ ಪಾಡು. ಎರಡು ಸಲ ಅರ್ಜಿ ವಾಪಸ್ ಬಂತು. 2024ರ ಏಪ್ರಿಲ್‌ನಲ್ಲಿ ಟೆಕ್ಸಾಸ್ ನಿಯಮ ಬದಲಾಯಿಸಿದ ಮೇಲೇ ನನಗೆ ನಂಬರ್ ಪ್ಲೇಟ್ ಸಿಕ್ಕಿದ್ದು.

ಗಾಡಿ ಬಂದಾಗ ಹಿಂದಿನ ತೊಟ್ಟಿಯ ಕೆಳಗೆ ತುಕ್ಕು ಹಿಡಿದಿತ್ತು. ಸ್ಕ್ರೂಡ್ರೈವರ್ ತುದಿ ಒತ್ತಿದರೆ ತಗಡು ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಬೇಜಾರಾಯ್ತು. ಕೊಳೆತದ್ದನ್ನು ಕತ್ತರಿಸಿ ತೆಗೆದು, ಹೊಸ ತಗಡು ವೆಲ್ಡಿಂಗ್ ಮಾಡಿಸಿದೆ.

ಈಗ ವಾರಕ್ಕೆ ಮೂರು ದಿನವಾದರೂ ಕೆಲಸ ಇರುತ್ತದೆ. ಗೊಬ್ಬರ, ಸೌದೆ, ತೋಟದ ಕಸ. ತೊಟ್ಟಿಯ ಮೂರು ಬದಿಯೂ ಕೆಳಗೆ ಬೀಳುತ್ತವೆ, ಸಲಿಕೆಯಿಂದ ಯಾವ ಕಡೆಗೆ ಬೇಕಾದರೂ ಎಳೆಯಬಹುದು. ಪಕ್ಕದ ಮನೆಯವರ ದೊಡ್ಡ ಪಿಕಪ್‌ನಲ್ಲಿ ಮೂಟೆಯನ್ನು ಎದೆಮಟ್ಟಕ್ಕೆ ಎತ್ತಬೇಕು. ಇದರಲ್ಲಿ ಬೆನ್ನಿಗೆ ಅಷ್ಟು ಕಷ್ಟ ಇಲ್ಲ. ಅಂಚೆ ಡಬ್ಬಿ ರಸ್ತೆಯ ಬಲಗಡೆ ಇರುತ್ತದಲ್ವಾ, ಕೂತಲ್ಲಿಂದಲೇ ಕಾಗದ ತೆಗೆಯುತ್ತೇನೆ.

ಹೈವೇಗೆ ಮಾತ್ರ ಇಳಿಸುವುದಿಲ್ಲ. ಮುಂದೆ ಬಾನೆಟ್ ಇಲ್ಲ, ಮೊಣಕಾಲಿನ ಮುಂದೆ ಬರೀ ತಗಡು. ರಸ್ತೆಯ ಬಲಗಡೆ ಓಡಿಸುವ ದೇಶದಲ್ಲಿ ಬಲಕ್ಕೆ ಕೂತು, ಮುಂದಿನ ಲಾರಿಯನ್ನು ಎಡದಿಂದ ಹಿಂದೆ ಹಾಕುವುದು ಅಂದರೆ ಕಣ್ಣು ಕಟ್ಟಿಕೊಂಡು ಹೋದ ಹಾಗೆ. ತಾನೂ ಒಂದು ತರಿಸುವ ಯೋಚನೆ ಮಾಡುತ್ತಿರುವ ನಿನ್ನ ತಮ್ಮನಿಗೆ ಇದನ್ನು ಒತ್ತಿ ಹೇಳು. ಅವನ ರಾಜ್ಯದ ನಿಯಮವನ್ನು ಮೊದಲು ನೋಡಲಿ, ಆಮೇಲೆ ದುಡ್ಡು ಕಟ್ಟಲಿ.

ಇನ್ನೊಂದು ವಿಷಯ. ಮಗಳಿಗೆ ಹದಿನಾರಾಯಿತು. ಇಲ್ಲಿ ಎಲ್ಲಾ ಆಟೋಮ್ಯಾಟಿಕ್, ಕ್ಲಚ್ ಅಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ಹುಲ್ಲುಗಾವಲಿನಲ್ಲಿ ಕಲಿಸುತ್ತಿದ್ದೇನೆ. ಅವಳು ಗಾಡಿ ಆಫ್ ಮಾಡಿದಾಗಲೆಲ್ಲ ನನ್ನ ಬಾಯಲ್ಲಿ ನಿಮ್ಮಪ್ಪನ ಮಾತೇ ಬರುತ್ತದೆ: "ಅವಸರ ಬೇಡ ಮಗಾ, ಕಾಲು ನಿಧಾನ ಬಿಡು, ಗಾಡಿನೇ ಹೇಳುತ್ತೆ." ಮೊನ್ನೆ ಭಾನುವಾರ ಒಂದು ಸಲವೂ ಆಫ್ ಆಗದ ಹಾಗೆ ಗೇಟಿನ ತನಕ ಹೋಗಿ ಬಂದಳು. ಅಪ್ಪನಿಗೆ ಹೇಳು.

ನಿನ್ನವ