ವಾಲ್ಕಿರಿಯ ರೆಕ್ಕೆ

ಮಾನ್ಯ ಸಂಪಾದಕರೇ,

ಸೇನಾ ವಿಮಾನಗಳ ಮಾತು ಬಂದಾಗಲೆಲ್ಲ ನನಗೆ ಬಾಂಬರ್ (ಬಾಂಬ್ ಹಾಕುವ ವಿಮಾನ) ಆಗಿ ರೂಪುಗೊಂಡ ಅಮೆರಿಕದ ಎಕ್ಸ್‌ಬಿ-70 ವಾಲ್ಕಿರಿ ನೆನಪಾಗುತ್ತದೆ. ಆರು ಜೆಟ್ ಎಂಜಿನ್‌ಗಳ ಈ ಬಿಳಿ ವಿಮಾನ 1964ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಹಾರಿತು. ಮರುವರ್ಷವೇ ಶಬ್ದದ ಮೂರು ಪಟ್ಟು ವೇಗ ಮುಟ್ಟಿತು. ಅದರ ರೆಕ್ಕೆಗಂತೂ ನಾನು ಮನಸೋತಿದ್ದೇನೆ. ವೇಗ ಏರಿದಂತೆ ರೆಕ್ಕೆಯ ತುದಿಗಳು 65 ಡಿಗ್ರಿಯಷ್ಟು ಕೆಳಕ್ಕೆ ಬಾಗುತ್ತಿದ್ದವು. ವಿಮಾನವೇ ಎಬ್ಬಿಸಿದ ಆಘಾತ ತರಂಗದ (ಶಬ್ದವನ್ನೂ ಮೀರಿದ ವೇಗದಲ್ಲಿ ಗಾಳಿ ಒತ್ತಿಕೊಂಡು ಏಳುವ ಅಲೆಯ) ಒತ್ತಡ ರೆಕ್ಕೆಯಡಿ ಸಿಕ್ಕಿಕೊಂಡು ಅದನ್ನು ಮೇಲಕ್ಕೆತ್ತುತ್ತಿತ್ತು. ಅಡ್ಡಿಯನ್ನೇ ಆಸರೆ ಮಾಡಿಕೊಂಡ ಎಂಥ ಜಾಣ್ಮೆ! ಕಾವು ತಾಳಲು ಹೊರಮೈಗೆ ಜೇನುಗೂಡಿನಂಥ ಒಳರಚನೆಯ ಸ್ಟೇನ್‌ಲೆಸ್ ಸ್ಟೀಲ್ ಫಲಕಗಳಿದ್ದವು.

ಕ್ಷಿಪಣಿಗಳ ಕಾಲ ಬಂದದ್ದರಿಂದ ಬಾಂಬರ್ ಯೋಜನೆ 1961ರಲ್ಲೇ ರದ್ದಾಗಿ, ಸಂಶೋಧನೆಗೆಂದು ಎರಡೇ ವಿಮಾನಗಳು ಸಿದ್ಧವಾದವು. 1966ರ ಜೂನ್‌ನಲ್ಲಿ ಪ್ರಚಾರದ ಛಾಯಾಚಿತ್ರಕ್ಕಾಗಿ ಸಾಲಾಗಿ ಹಾರುವಾಗ ಪಕ್ಕದ ವಿಮಾನ ಬಡಿದು ಎರಡನೆಯದು ನಾಶವಾಯಿತು, ಇಬ್ಬರು ಪೈಲಟ್‌ಗಳು ಪ್ರಾಣ ತೆತ್ತರು. ಒಂದು ಚಿತ್ರಕ್ಕಾಗಿ ಇಷ್ಟು ಬೆಲೆಯೇ ಎಂದು ಇಂದಿಗೂ ಸಂಕಟವಾಗುತ್ತದೆ.

ಉಳಿದ ಇನ್ನೊಂದು ಓಹಿಯೋದ ಡೇಟನ್ ವಸ್ತುಸಂಗ್ರಹಾಲಯದಲ್ಲಿದೆ. ತಮ್ಮ ವಿಜ್ಞಾನ ಪುಟದಲ್ಲಿ ಈ ರೆಕ್ಕೆಯ ಬಗ್ಗೆ ಸಚಿತ್ರ ಲೇಖನ ಪ್ರಕಟಿಸಬೇಕೆಂದು ವಿನಂತಿ.

– ಓರ್ವ ಓದುಗ, ಧಾರವಾಡ